ಬಿಸಿ ತಿಳಿಯದ ಕೈ

ನಮಸ್ಕಾರ. ಮೂರು ವರ್ಷಗಳ ಹಿಂದೆ ನನ್ನ ತಲೆಯ ಹಿಂಭಾಗಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಅಂದಿನಿಂದ ನನ್ನನ್ನು ಕಂಡವರು ಕೇಳುವ ಪ್ರಶ್ನೆ ಒಂದೇ: ‘ಈಗ ಪೂರ್ತಿ ವಾಸಿಯಾಯಿತಲ್ಲ?’ ಮದುವೆಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ, ನಾನು ಪಾಠ ಮಾಡುವ ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಕೇಳುತ್ತಾರೆ. ಹೌದೆಂದರೆ ಸುಳ್ಳಾಗುತ್ತದೆ. ಇಲ್ಲವೆಂದರೆ ಕೇಳಿದವರ ಮುಖ ಬಾಡುತ್ತದೆ. ಪಂಕ್ತಿಯಲ್ಲಿ ಕುಳಿತು ಹೇಳಲಾಗದ ಉತ್ತರಕ್ಕೆ ಇಂದು ಬಾನುಲಿ ಹತ್ತು ನಿಮಿಷ ಕೊಟ್ಟಿದೆ.

ಕಾಯಿಲೆಯ ಹೆಸರು ಕಿಯಾರಿ. ಆಸ್ಟ್ರಿಯಾದ ರೋಗಶಾಸ್ತ್ರಜ್ಞ ಹಾನ್ಸ್ ಕಿಯಾರಿ ಪ್ರಾಗ್ ನಗರದಲ್ಲಿದ್ದಾಗ, 1891ರಲ್ಲಿ, ಶವಪರೀಕ್ಷೆಗಳಲ್ಲಿ ಕಂಡದ್ದನ್ನು ಬರೆದಿಟ್ಟರು. ಅವರ ಹೆಸರೇ ಉಳಿಯಿತು. ನಮ್ಮ ಕಿರುಮಿದುಳಿನ ಕೆಳತುದಿಯಲ್ಲಿ ಎರಡು ಪುಟ್ಟ ಉಬ್ಬುಗಳಿವೆ. ವೈದ್ಯರು ಅವನ್ನೂ ಟಾನ್ಸಿಲ್ ಎಂದೇ ಕರೆಯುತ್ತಾರೆ. ಇದರಿಂದಾದ ಗೊಂದಲ ಅಷ್ಟಿಷ್ಟಲ್ಲ. ‘ಟಾನ್ಸಿಲ್ ತೆಗೆಸಲು ಬೆಂಗಳೂರಿಗೇಕೆ ಹೋದೆಯೇ, ನಮ್ಮ ಹುಡುಗನಿಗೆ ಇಲ್ಲೇ ತೆಗೆದರಲ್ಲ’ ಎಂದು ನನ್ನ ದೊಡ್ಡಮ್ಮ ಇಂದಿಗೂ ಆಕ್ಷೇಪಿಸುತ್ತಾರೆ.

ತಲೆಬುರುಡೆಯ ಬುಡದಲ್ಲಿ ಒಂದು ದೊಡ್ಡ ರಂಧ್ರವಿದೆ. ಮಿದುಳು ಬೆನ್ನುಹುರಿಯಾಗಿ ಕೆಳಗಿಳಿಯುವುದು ಅದರ ಮೂಲಕವೇ. ಕಿಯಾರಿ ಇದ್ದವರಲ್ಲಿ ಆ ಎರಡು ಉಬ್ಬುಗಳು ರಂಧ್ರದೊಳಕ್ಕೆ ಜಾರಿ, ಬಾಟಲಿಯ ಕುತ್ತಿಗೆಗೆ ಬಿರಟೆ ಹಾಕಿದಂತೆ ಕೂರುತ್ತವೆ. 5 ಮಿಲಿಮೀಟರಿಗಿಂತ ಹೆಚ್ಚು ಜಾರಿದ್ದರೆ ಕಿಯಾರಿ ಎನ್ನುವುದು ವಾಡಿಕೆ. ಅಷ್ಟು ಜಾರಿಯೂ ಯಾವ ತೊಂದರೆಯೂ ಇಲ್ಲದೆ ಬದುಕುವವರಿದ್ದಾರೆ. ಮಿದುಳನ್ನು ಸುತ್ತುವರಿದ ದ್ರವ ಎದೆಬಡಿತದ ಜೊತೆಗೆ ಈ ರಂಧ್ರದಲ್ಲಿ ಮೇಲಕ್ಕೂ ಕೆಳಕ್ಕೂ ಓಲಾಡುತ್ತಿರಬೇಕು. ದಾರಿ ಕಟ್ಟಿಕೊಂಡಾಗ ಕೆಮ್ಮಿದರೆ, ಸೀನಿದರೆ, ನಕ್ಕರೂ ಸಹ, ತಲೆಯ ಹಿಂಬದಿಯಲ್ಲಿ ಸುತ್ತಿಗೆಯ ಏಟು ಬೀಳುತ್ತದೆ. ಕೆಲವರಿಗೆ ಬೆನ್ನುಹುರಿಯ ಒಳಗೇ ನೀರು ತುಂಬಿದ ಪೊಳ್ಳು ಬೆಳೆಯುತ್ತದೆ. ಅದಕ್ಕೆ ಸಿರಿಂಕ್ಸ್ ಎನ್ನುತ್ತಾರೆ. ನನಗೆ ಎರಡೂ ಇದ್ದವು.

ಈ ಪೊಳ್ಳಿನ ಚೇಷ್ಟೆ ವಿಚಿತ್ರ. ನೋವು ಮತ್ತು ಬಿಸಿ-ತಂಪಿನ ಸುದ್ದಿ ಒಯ್ಯುವ ನರತಂತುಗಳು ಬೆನ್ನುಹುರಿಯ ನಟ್ಟನಡುವೆ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟುತ್ತವೆ. ಪೊಳ್ಳು ಮೊದಲು ಒತ್ತುವುದು ಅವನ್ನೇ. ಸ್ಪರ್ಶದ ದಾರಿ ಬೇರೆ, ಅದು ಉಳಿದುಕೊಳ್ಳುತ್ತದೆ. ಮುಟ್ಟಿದ್ದು ತಿಳಿಯುತ್ತದೆ, ಸುಟ್ಟಿದ್ದು ತಿಳಿಯುವುದಿಲ್ಲ. ಬಿಸಿ ಪಾತ್ರೆಯನ್ನು ಎಡಗೈಯಲ್ಲಿ ಇಕ್ಕಳವಿಲ್ಲದೆ ಎತ್ತುತ್ತಿದ್ದ ನನ್ನನ್ನು ನಮ್ಮ ಅತ್ತೆ ಹಲವು ವರ್ಷ ಹೊಗಳಿದ್ದರು, ‘ದುಡಿದ ಕೈ’ ಎಂದು. ದೋಸೆ ಹುಯ್ಯುವಾಗ ಬೆರಳು ಕಾವಲಿಗೆ ತಗುಲಿ ಬೊಬ್ಬೆ ಎದ್ದ ದಿನವೇ ನನಗೂ ಅವರಿಗೂ ದಿಗಿಲಾದದ್ದು.

ಶಸ್ತ್ರಚಿಕಿತ್ಸೆಯನ್ನು ವೈದ್ಯರು ಡಿಕಂಪ್ರೆಷನ್ ಎನ್ನುತ್ತಾರೆ, ಎಂದರೆ ಒತ್ತಡ ಬಿಡಿಸುವುದು. ಬುರುಡೆಯ ಹಿಂಬದಿಯಿಂದ ಒಂದು ತುಂಡು ಮೂಳೆಯನ್ನೂ ಕತ್ತಿನ ಮೊದಲ ಕಶೇರುಕದ, ಎಂದರೆ ಬೆನ್ನೆಲುಬಿನ ಮೊದಲ ಮಣಿಯ, ಹಿಂದಿನ ಕಮಾನನ್ನೂ ತೆಗೆದರು. ಡ್ಯೂರಾ ಎಂಬ ದಪ್ಪ ಪೊರೆಯನ್ನು ಸೀಳಿ, ಬುರುಡೆಯ ಮೇಲಿನದೇ ಒಂದು ಪದರವನ್ನು ತೇಪೆಯಾಗಿ ಹೊಲಿದರು. ರವಿಕೆ ಬಿಗಿಯಾದರೆ ಹೊಲಿಗೆ ಬಿಚ್ಚಿ ನಡುವೆ ಪಟ್ಟಿ ಕೊಡುತ್ತಾರಲ್ಲ, ಹಾಗೆ. ಎಲ್ಲರಿಗೂ ಪೊರೆ ಸೀಳಬೇಕೇ, ಮೂಳೆ ತೆಗೆದರೆ ಸಾಲದೇ ಎಂಬ ಚರ್ಚೆ ಶಸ್ತ್ರವೈದ್ಯರಲ್ಲಿ ಇನ್ನೂ ಮುಗಿದಿಲ್ಲ. ಮುಂಬಯಿಯ ಡಾ. ಅತುಲ್ ಗೋಯೆಲ್ ಅವರಂತೂ ಮೊದಲೆರಡು ಕಶೇರುಕಗಳ ನಡುವಿನ ಸಡಿಲವೇ ಕಿಯಾರಿಗೆ ಮೂಲ, ಅವನ್ನು ಬಿಗಿಯಬೇಕು ಎಂದು 2015ರಲ್ಲಿ ವಾದಿಸಿದರು. ಬಹುಪಾಲು ವೈದ್ಯರು ಅದನ್ನು ಒಪ್ಪಿಲ್ಲ.

ಐದನೆಯ ದಿನ ಮನೆಗೆ ಕಳುಹಿಸಿದರು. ಮೊದಲ ವಾರಗಳಲ್ಲಿ ತಲೆಗಿಂತ ಕತ್ತಿನದೇ ಗೋಳು. ಮೂಳೆಯನ್ನು ತಲುಪಲು ಕತ್ತಿನ ಹಿಂದಿನ ಸ್ನಾಯುಗಳನ್ನು ಬಿಡಿಸಿರುತ್ತಾರೆ. ಅವು ಸೆಟೆದು ಕತ್ತು ಕೊರಡಿನಂತಾಗುತ್ತದೆ. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದೆ. 3 ಕಿಲೋ ಮೀರಿದ್ದನ್ನು ಎತ್ತಬಾರದು ಎಂದಿದ್ದರು. ತುಂಬಿದ ಕೊಡ, ಹಿಟ್ಟು ತುಂಬಿದ ಗ್ರೈಂಡರ್ ಪಾತ್ರೆ, ತಂಗಿಯ ಮಗು, ಯಾವುದನ್ನೂ ಮುಟ್ಟುವಂತಿರಲಿಲ್ಲ. ತಿಣುಕಬಾರದು ಎಂದೂ ಹೇಳಿದ್ದರು, ಆದರೆ ಅವರೇ ಕೊಟ್ಟ ನೋವಿನ ಮಾತ್ರೆಗಳು ಮಲಬದ್ಧತೆ ತರುವಂಥವು. ಇದನ್ನು ಬಾನುಲಿಯಲ್ಲಿ ಹೇಳಬೇಕೇ ಎಂದು ಯೋಚಿಸಿದೆ. ಹೇಳಲೇಬೇಕು, ಆ ದಿನಗಳಲ್ಲಿ ನನಗೆ ಅದಕ್ಕಿಂತ ದೊಡ್ಡ ಚಿಂತೆ ಇರಲಿಲ್ಲ. ಅತ್ತೆ ಒಂದೂವರೆ ತಿಂಗಳು ಮನೆಯಲ್ಲಿ ಒಣಮೆಣಸಿನ ಒಗ್ಗರಣೆ ಹಾಕಲಿಲ್ಲ, ಘಾಟಿಗೆ ನಾನು ಸೀನಿಬಿಟ್ಟರೆ ಎಂದು. ಕೊನೆಗೊಂದು ಬೆಳಿಗ್ಗೆ ಸೀನು ಬಂದೇ ಬಂತು. ಎರಡೂ ಕೈಯಲ್ಲಿ ತಲೆ ಹಿಡಿದು ಕಾದೆ. ಸುತ್ತಿಗೆ ಬೀಳಲಿಲ್ಲ. ಇನ್ನೊಮ್ಮೆ ಬೇಕೆಂದೇ ಕೆಮ್ಮಿ ನೋಡಿದೆ.

ಇಷ್ಟರಲ್ಲಿ ಎಚ್ಚರ ವಹಿಸಬೇಕಾದದ್ದೂ ಇದೆ. ಗಾಯದಿಂದ ತಿಳಿನೀರಿನಂಥ ದ್ರವ ಒಸರಿದರೆ, ಕತ್ತಿನ ಹಿಂದೆ ಮೆತ್ತನೆಯ ಊತ ಬೆಳೆಯುತ್ತಿದ್ದರೆ, ಜ್ವರದ ಜೊತೆ ಕತ್ತು ಬಿಗಿದು ಬೆಳಕು ಸಹಿಸಲಾಗದಿದ್ದರೆ, ನುಂಗಲು ಇಲ್ಲವೇ ಉಸಿರಾಡಲು ಕಷ್ಟವಾದರೆ, ಮುಂದಿನ ಭೇಟಿಯ ದಿನಾಂಕಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಆರು ತಿಂಗಳ ನಂತರದ ಎಂಆರ್‌ಐಯಲ್ಲಿ ಸಿರಿಂಕ್ಸ್ ಅರ್ಧಕ್ಕೆ ಇಳಿದಿತ್ತು. ವರದಿ ಓದಿ ಮನೆಯವರು ಸಿಹಿ ತಂದರು. ನನ್ನ ಎಡಗೈ ಮಾತ್ರ ಇದ್ದಂತೆಯೇ ಇತ್ತು. ಸಾಲದ್ದಕ್ಕೆ ಹೆಗಲಿನ ಮೇಲೆ ಒಂದು ಉರಿ. ಸೆರಗು ತಗುಲಿದರೂ ಫ್ಯಾನಿನ ಗಾಳಿ ಬಡಿದರೂ ಕೆಂಡ ಸವರಿದಂತೆ. ನಿಜವಾದ ಕೆಂಡ ತಿಳಿಯದ ಕೈ, ಗಾಳಿಗೆ ಉರಿಯುವ ಹೆಗಲು! ನಾನು ಅತ್ತದ್ದು ಆಗಲೇ, ಶಸ್ತ್ರಚಿಕಿತ್ಸೆಯ ದಿನವಲ್ಲ. ಎಲ್ಲೋ ಏನೋ ತಪ್ಪಾಗಿದೆ, ಮತ್ತೆ ಕಾಯಿಲೆ ಮರುಕಳಿಸಿದೆ ಎಂದುಕೊಂಡೆ.

ನನ್ನ ದೂರು ಇಲ್ಲೇ ಇರುವುದು. ಶಸ್ತ್ರಚಿಕಿತ್ಸೆ ಮಾಡಿದ ಕೈಗಳ ಬಗ್ಗೆ ನನಗೆ ಕೃತಜ್ಞತೆಯಿದೆ, ಆದರೆ ಯಾವುದು ಹೋಗುತ್ತದೆ, ಯಾವುದು ಉಳಿಯಬಹುದು ಎಂದು ಮೊದಲೇ ಯಾರೂ ನನ್ನನ್ನು ಕೂರಿಸಿಕೊಂಡು ಹೇಳಲಿಲ್ಲ. ಒಪ್ಪಿಗೆ ಪತ್ರದಲ್ಲಿ ಸಾವಿನ ಸಾಧ್ಯತೆಯನ್ನೂ ಬರೆದಿದ್ದರು, ಮರಗಟ್ಟಿದ ಕೈ ಹಾಗೆಯೇ ಉಳಿಯಬಹುದು ಎಂಬುದನ್ನು ಬರೆದಿರಲಿಲ್ಲ. ಬೇರೊಬ್ಬ ನರರೋಗ ವೈದ್ಯೆ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಕೆಮ್ಮಿದಾಗ ಬರುವ ತಲೆನೋವು ಒತ್ತಡದ್ದು. ಜಾಗ ಸಿಕ್ಕೊಡನೆ ಅದು ಹೋಗುವ ಸಂಭವ ಹೆಚ್ಚು. ವರ್ಷಗಟ್ಟಲೆ ಒತ್ತಿಸಿಕೊಂಡು ನಲುಗಿದ ನರತಂತು ಒತ್ತಡ ಹೋದಾಕ್ಷಣ ಚಿಗುರುವುದಿಲ್ಲ. ಸ್ವಲ್ಪ ಮರಳಬಹುದು, ಅದಕ್ಕೆ ತಿಂಗಳುಗಳೇ ಬೇಕು, ಮರಳದೆಯೂ ಇರಬಹುದು. ಶಸ್ತ್ರಚಿಕಿತ್ಸೆ ಮುಖ್ಯವಾಗಿ ಮುಂದಿನ ಹಾನಿಯನ್ನು ತಡೆಯಲು. ‘ನಿಮ್ಮ ಕೈಯ ಸ್ಥಿತಿ ಇನ್ನಷ್ಟು ಕೆಡಲಿಲ್ಲವಲ್ಲ, ಅದೇ ಫಲಿತಾಂಶ’ ಎಂದರು. ಕೇಳಲು ಕಹಿಯಾಗಿತ್ತು. ಆದರೆ ಅಂದು ರಾತ್ರಿ ಬಹಳ ದಿನಗಳ ನಂತರ ನಿದ್ದೆ ಬಂತು.

ಉರಿಗೆ ಗ್ಯಾಬಪೆಂಟಿನ್ ಎಂಬ ನರನೋವಿನ ಮಾತ್ರೆ ಕೊಟ್ಟರು. ಮೊದಲ ವಾರ ತರಗತಿಯಲ್ಲಿ ಭಿನ್ನರಾಶಿಯ ನಡುವೆ ತೂಕಡಿಸಿದೆ, ಆಮೇಲೆ ಒಗ್ಗಿತು. ಉರಿ ಪೂರ್ತಿ ಹೋಗಿಲ್ಲ. ಪಕ್ಕದ ಮನೆಯ ರೇಡಿಯೋದಂತೆ ದೂರದಲ್ಲಿ ಕೇಳಿಸುತ್ತಿರುತ್ತದೆ. ಗಾಯದ ಸುತ್ತ ಅಂಗೈಯಗಲ ಜಾಗ ಇನ್ನೂ ಜೋಮು. ಮೋಡ ಕವಿದ ದಿನ ಕತ್ತು ಹಿಡಿದುಕೊಳ್ಳುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಎಂಥದೋ ಸುಸ್ತು. ಆದರೆ ಕೆಮ್ಮುತ್ತೇನೆ, ಸೀನುತ್ತೇನೆ, ಮಕ್ಕಳ ಮಾತಿಗೆ ಹೊಟ್ಟೆ ಹಿಡಿದು ನಗುತ್ತೇನೆ.

ಸ್ನಾನದ ನೀರನ್ನು ಈಗ ಬಲಗೈಯಲ್ಲೇ ಮುಟ್ಟಿ ನೋಡುತ್ತೇನೆ. ಮರೆತು ಎಡಗೈಯನ್ನು ಒಲೆಯ ಬಳಿಗೆ ಒಯ್ಯದಿರಲೆಂದು ಅತ್ತೆ ಆ ಮಣಿಕಟ್ಟಿಗೆ ಕೆಂಪು ದಾರ ಕಟ್ಟಿದ್ದಾರೆ. ನೋಡಿದವರು ಯಾವ ದೇವಸ್ಥಾನದ್ದು ಎಂದು ಕೇಳುತ್ತಾರೆ. ಅಡುಗೆಮನೆಯದು ಎನ್ನುತ್ತೇನೆ. ನಮಸ್ಕಾರ.