ಸಲೀನಾಸ್ ಕಣಿವೆಯ ತಾಯಂದಿರು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಲೀನಾಸ್ ಅನ್ನುವ ಕಣಿವೆ ಇದೆ. ಕಣ್ಣು ಹಾಯುವಷ್ಟು ದೂರ ಲೆಟಿಸ್ ಸೊಪ್ಪು, ಬ್ರಾಕೊಲಿ, ಸ್ಟ್ರಾಬೆರಿ. ಬಗ್ಗಿದ ಬೆನ್ನು ಎತ್ತದೆ ಅವನ್ನು ಕೊಯ್ಯುವವರು ಬಹುತೇಕ ಮೆಕ್ಸಿಕೊ ಮೂಲದವರು. 2020ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಲ್ಯಾಟಿನೊ ಜನ, ಅಂದರೆ ಮೆಕ್ಸಿಕೊ, ದಕ್ಷಿಣ ಅಮೆರಿಕ ಮುಂತಾದ ಲ್ಯಾಟಿನ್ ಅಮೆರಿಕದ ನಾಡುಗಳ ಮೂಲದವರು, 6 ಕೋಟಿ 21 ಲಕ್ಷ. ಸಕ್ಕರೆ ಕಾಯಿಲೆ, ಲಿವರ್ ಕಾಯಿಲೆ, ಗರ್ಭಕಂಠದ ಕ್ಯಾನ್ಸರ್ ಇವರನ್ನು ಬಿಳಿಯರಿಗಿಂತ ಹೆಚ್ಚು ಕಾಡುತ್ತವೆ. ಆರೋಗ್ಯ ವಿಮೆ ಇಲ್ಲದವರೂ ಇವರಲ್ಲಿ ಬಹಳ ಹೆಚ್ಚು.

1999ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬ್ರೆಂಡಾ ಎಸ್ಕೆನಾಜಿ ಮತ್ತು ಅವರ ತಂಡ ಈ ಕಣಿವೆಗೆ ಬಂತು. ಹೊಲದಲ್ಲಿ ಹೊಡೆಯುವ ಕೀಟನಾಶಕ ಹೊಟ್ಟೆಯಲ್ಲಿರುವ ಮಗುವನ್ನೂ ಮುಟ್ಟುತ್ತದೆಯೆ, ಮುಟ್ಟಿದರೆ ಏನಾಗುತ್ತದೆ? ಇದು ಅವರ ಪ್ರಶ್ನೆ. ಊರಿನ ಚಿಕಿತ್ಸಾಲಯಗಳಿಗೆ ಬರುತ್ತಿದ್ದ 601 ಬಸುರಿಯರು ಅಧ್ಯಯನಕ್ಕೆ ಸೇರಲು ಒಪ್ಪಿದರು. ಅಧ್ಯಯನದ ಹೆಸರು ಚಮಾಕೋಸ್.

ಸಂಶೋಧಕರು ಬಂದರು, ರಕ್ತ ತೆಗೆದರು, ಮೂತ್ರ ತುಂಬಿಸಿಕೊಂಡರು, ಹೋದರು. ಕೊಟ್ಟವರಿಗೆ ಮುಂದೇನಾಯಿತೆಂದು ಗೊತ್ತೇ ಆಗಲಿಲ್ಲ. ಬಡವರ ಆರೋಗ್ಯದ ಮೇಲೆ ನಡೆದ ಎಷ್ಟೋ ಅಧ್ಯಯನಗಳ ಕಥೆ ಇಷ್ಟೇ. ಸಲೀನಾಸ್‌ನಲ್ಲಿ ಹಾಗೆ ಆಗಲಿಲ್ಲ, ಅದಕ್ಕೇ ಇದನ್ನು ಹೇಳಲು ಹೊರಟಿದ್ದೇನೆ. ಮನೆಗೆ ಹೋಗಿ ಮಾತಾಡಿಸಿದ ಸಿಬ್ಬಂದಿಯಲ್ಲಿ ಅದೇ ಊರಿನ, ಸ್ಪ್ಯಾನಿಷ್ ಮಾತಾಡುವ, ಕೂಲಿಯವರ ಮನೆಗಳಲ್ಲೇ ಬೆಳೆದ ಹೆಣ್ಣುಮಕ್ಕಳಿದ್ದರು. ಊರಿನ ಸಲಹಾ ಮಂಡಳಿ ಇತ್ತು. ಕಂಡುಕೊಂಡದ್ದನ್ನು ಸಭೆ ಸೇರಿಸಿ ಆ ತಾಯಂದಿರಿಗೇ ಅವರ ಭಾಷೆಯಲ್ಲಿ ಹೇಳುತ್ತಿದ್ದರು.

ಆ ಮನೆಗಳ ಸಂಜೆಯನ್ನು ಸ್ವಲ್ಪ ನೋಡಿ. ಹೊಲದಿಂದ ಬಂದ ಅಮ್ಮನ ಕಾಲಿಗೆ ಮಗು ಓಡಿ ಬಂದು ತಬ್ಬಿಕೊಳ್ಳುತ್ತದೆ. ಬೂಟಿನ ಮಣ್ಣು, ಅಂಗಿಯ ತೋಳು, ಅಂಗೈ, ಎಲ್ಲದರಲ್ಲೂ ಔಷಧಿಯ ಅಂಶ. ಅದೇ ಬೂಟು ನೆಲಹಾಸಿನ ಮೇಲೆ, ಅದೇ ನೆಲಹಾಸಿನ ಮೇಲೆ ಅಂಬೆಗಾಲಿಡುವ ಕೂಸು. ಸಿಬ್ಬಂದಿ ಆ ಮನೆಗಳ ಧೂಳನ್ನೂ ಸಂಗ್ರಹಿಸಿ ಪರೀಕ್ಷೆಗೆ ಕಳಿಸಿದರು. ಬಾಗಿಲ ಹೊರಗೇ ಬೂಟು ಬಿಡಿ, ಬಟ್ಟೆ ಬದಲಿಸಿಯೇ ಮಗುವನ್ನು ಎತ್ತಿಕೊಳ್ಳಿ, ಹೊಲದ ಬಟ್ಟೆ ಬೇರೆಯಾಗಿ ಒಗೆಯಿರಿ ಎಂದು ಮನೆಮನೆಗೆ ತಿಳಿಸಿದರು. ಸ್ಟ್ರಾಬೆರಿ ಹೊಲಗಳಲ್ಲಿ ಕೂಲಿಯವರಿಗೆ ಕೈಗವಸು, ಮೇಲಂಗಿ, ಕೈ ತೊಳೆಯಲು ಬೆಚ್ಚಗಿನ ನೀರು, ಸೋಪು ಕೊಟ್ಟು ನೋಡಿದರು. ಕೈಗವಸು ಹಾಕಿದವರ ಮೈಯಲ್ಲಿ ಔಷಧಿಯ ಅಂಶ ಕಡಿಮೆಯಾಗಿತ್ತು.

ಹುಟ್ಟಿದ ಕೂಸುಗಳ ವಿಷಯದಲ್ಲಿ ಕಂಡದ್ದು ಇನ್ನೂ ಗಂಭೀರ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕಗಳನ್ನು ಮುರಿಯುವ ಒಂದು ಕಿಣ್ವ ನಮ್ಮ ರಕ್ತದಲ್ಲಿದೆ. ನವಜಾತ ಶಿಶುವಿನಲ್ಲಿ ಅದು ತಾಯಿಗಿಂತ ಬಹಳ ಕಡಿಮೆ, ಎಷ್ಟೋ ಮಕ್ಕಳಲ್ಲಿ ಏಳನೇ ವಯಸ್ಸಿಗೂ ತಾಯಿಯ ಮಟ್ಟ ಮುಟ್ಟಿರುವುದಿಲ್ಲ. ದೊಡ್ಡವರು ತಡೆದುಕೊಳ್ಳುವಷ್ಟನ್ನು ಮಗು ತಡೆದುಕೊಳ್ಳಲಾರದು. ಏಳು ವರ್ಷ ತುಂಬಿದ ಮಕ್ಕಳ ಬುದ್ಧಿಮತ್ತೆ ಪರೀಕ್ಷಿಸಿದಾಗ, ಗರ್ಭದಲ್ಲಿದ್ದಾಗ ಅತಿ ಹೆಚ್ಚು ಕೀಟನಾಶಕ ತಗುಲಿದ ಗುಂಪಿನವರು ಅತಿ ಕಡಿಮೆ ತಗುಲಿದವರಿಗಿಂತ ಸರಾಸರಿ 7 ಅಂಕ ಹಿಂದಿದ್ದರು. ಈ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಅದರ ಜೊತೆಗೇ ನ್ಯೂಯಾರ್ಕಿನ ಎರಡು ಅಧ್ಯಯನಗಳೂ ಹೊರಬಂದವು. ಅವುಗಳಲ್ಲಿ ಒಂದರಲ್ಲಿ ಭಾಗವಹಿಸಿದವರು ಹಾರ್ಲೆಮ್, ಬ್ರಾಂಕ್ಸ್ ಬಡಾವಣೆಗಳ ಕಪ್ಪು ವರ್ಣದ ಮತ್ತು ಡೊಮಿನಿಕನ್ ಗಣರಾಜ್ಯ ಮೂಲದ ತಾಯಂದಿರು. ಹೊಲವೇ ಕಾಣದ ಅವರಿಗೆ ಔಷಧಿ ತಗುಲಿದ್ದು ಮನೆಯೊಳಗೆ ಹುಳಹುಪ್ಪಟೆಗೆಂದು ಹೊಡೆಯುತ್ತಿದ್ದ ಸ್ಪ್ರೇಯಿಂದ.

ಅವರ ಮೈಯಲ್ಲಿ ಪತ್ತೆಯಾದ ಆ ಔಷಧಿ ಅದೇ ಆರ್ಗನೋಫಾಸ್ಫೇಟ್ ಜಾತಿಯ ಕ್ಲೋರ್‌ಪೈರಿಫಾಸ್. ಈ ಹೆಸರು ನಿಮಗೆ ಹೊಸದೇನಲ್ಲ. ನಮ್ಮ ಊರುಗಳ ಗೊಬ್ಬರದಂಗಡಿಯಲ್ಲಿ ಗೆದ್ದಲಿಗೆಂದು ಕೊಡುವ ಬಾಟಲಿಯ ಮೇಲೆ ಇದೇ ಹೆಸರಿರುತ್ತದೆ. ಸಲೀನಾಸ್‌ನ ತಾಯಂದಿರು ಕಲಿತ ಬೂಟಿನ, ಬಟ್ಟೆಯ, ಕೈಗವಸಿನ ಪಾಠ ನಮ್ಮ ಹೊಲಗಳಿಗೂ ಅಷ್ಟೇ ಸಲ್ಲುತ್ತದೆ. ಔಷಧಿ ಹೊಡೆದು ಬಂದವರು ಕೈಕಾಲು ಮೈ ತೊಳೆಯದೆ ಮಗುವನ್ನು ಎತ್ತಿಕೊಳ್ಳಬೇಡಿ. ಮನೆಯಲ್ಲಿ ಬಸುರಿ ಇದ್ದರಂತೂ ಔಷಧಿ ಕಲಸುವ ಬಕೀಟನ್ನು ಬಚ್ಚಲಿಗೆ ತರಲೇಬೇಡಿ.

ಅಮೆರಿಕದಲ್ಲಿ ಕ್ಲೋರ್‌ಪೈರಿಫಾಸ್‌ನ ಮನೆಬಳಕೆಯನ್ನು ನಿಲ್ಲಿಸುವ ತೀರ್ಮಾನ 2000ದಲ್ಲೇ ಆಯಿತು. ಹೊಲದ ಬಳಕೆ ಮಾತ್ರ ಮುಂದುವರಿಯಿತು. ಕ್ಯಾಲಿಫೋರ್ನಿಯಾದಲ್ಲಿ ಬಹುತೇಕ ಎಲ್ಲ ಬಳಕೆ ನಿಂತದ್ದು 2020ರ ಕೊನೆಗೆ. ಅಂದರೆ ಪೇಟೆಯ ಮನೆಗಳಿಗೂ ಕೂಲಿಯವರ ಹೊಲಗಳಿಗೂ ನಡುವೆ ಇಪ್ಪತ್ತು ವರ್ಷದ ಅಂತರ. ಆರೋಗ್ಯದ ಅಸಮಾನತೆ ಅಂದರೆ ಏನು ಎಂದು ಕೇಳಿದರೆ ನಾನು ಈ ಇಪ್ಪತ್ತು ವರ್ಷವನ್ನೇ ತೋರಿಸುತ್ತೇನೆ.

ಇನ್ನೊಂದು ಮಾತು. ಲ್ಯಾಟಿನೊ ಎಂದು ಎಲ್ಲರನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದರೂ ಎಡವುತ್ತೇವೆ. ಬ್ರಾಂಕ್ಸ್, ಷಿಕಾಗೊ, ಮಯಾಮಿ, ಸ್ಯಾನ್ ಡಿಯಾಗೊಗಳಲ್ಲಿ 2008ರಿಂದ 2011ರವರೆಗೆ 16,415 ಮಂದಿಯನ್ನು ಸೇರಿಸಿಕೊಂಡ ದೊಡ್ಡ ಅಧ್ಯಯನವೊಂದರಲ್ಲಿ ದಕ್ಷಿಣ ಅಮೆರಿಕ ಮೂಲದವರಲ್ಲಿ ಶೇಕಡಾ 10ರಷ್ಟು ಜನಕ್ಕೆ ಸಕ್ಕರೆ ಕಾಯಿಲೆ ಇದ್ದರೆ, ಮೆಕ್ಸಿಕೊ ಮೂಲದವರಲ್ಲಿ ಅದು ಶೇಕಡಾ 18.

ಚಮಾಕೋಸ್‌ನಲ್ಲಿ ನನಗೆ ಬಹಳ ಇಷ್ಟವಾದದ್ದು ಅಲ್ಲಿನ ಹದಿಹರೆಯದವರು ಮಾಡಿದ ಕೆಲಸ. 2013ರಲ್ಲಿ ಊರಿನ ಹೈಸ್ಕೂಲು ಹುಡುಗ ಹುಡುಗಿಯರೇ ಸಂಶೋಧಕರ ಜೊತೆ ನಿಂತು 100 ಲ್ಯಾಟಿನಾ ಹುಡುಗಿಯರ ಮೇಲೆ ಅಧ್ಯಯನ ನಡೆಸಿದರು. ಶಾಂಪೂ, ಲೋಷನ್, ಮೇಕಪ್ಪಿನಲ್ಲಿ ಪ್ಯಾರಬೆನ್, ಥಾಲೇಟ್ ಮುಂತಾದ, ಹಾರ್ಮೋನುಗಳ ಕೆಲಸ ಕೆಡಿಸಬಹುದಾದ ರಾಸಾಯನಿಕ ಇಲ್ಲದ್ದನ್ನು ಬರೀ ಮೂರು ದಿನ ಬಳಸಿದ್ದಕ್ಕೆ ಮೂತ್ರದಲ್ಲಿ ಕೆಲವು ಪ್ಯಾರಬೆನ್‌ಗಳ ಪ್ರಮಾಣ ಸುಮಾರು ಶೇಕಡಾ 45ರಷ್ಟು ಇಳಿಯಿತು.

2025ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಒಂದು ಸೌಲಭ್ಯ ತಂದಿದೆ. ನಿರ್ಬಂಧಿತ ಕೀಟನಾಶಕಗಳನ್ನು ಹೊಡೆಯುವ ಮುಂಚೆ ಹೆಸರು ನೋಂದಾಯಿಸಿಕೊಂಡ ಆ ಸುತ್ತಿನ ಜನಕ್ಕೆ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಯಾವ ಹೊಲ ಅಂತ ನಿಖರವಾಗಿ ಹೇಳುವುದಿಲ್ಲ, ಸುಮಾರು ಒಂದು ಚದರ ಮೈಲಿ ಎಂದಷ್ಟೇ. ಆದರೆ ಮೆಕ್ಸಿಕೊದ ದಕ್ಷಿಣದಿಂದ ಬಂದ ಮಿಷ್ಟೆಕೊ, ತ್ರಿಕಿ ಎಂಬ ಮೂಲನಿವಾಸಿ ಜನರಲ್ಲಿ ಎಷ್ಟೋ ಮಂದಿಗೆ ಇಂಗ್ಲಿಷೂ ಬಾರದು, ಸ್ಪ್ಯಾನಿಷೂ ಬಾರದು. ಅವರ ಮನೆಬಾಗಿಲಿಗೆ ಹೋಗಿ ಹೇಳುವವರು, ನಮ್ಮ ಆಶಾ ಕಾರ್ಯಕರ್ತೆಯರಂತೆ, ಪ್ರೊಮೊತೋರಾ ಅನ್ನುವ ಆರೋಗ್ಯ ಕಾರ್ಯಕರ್ತೆಯರು. ಇದೇ ರಾಜ್ಯದ ಆಕ್ಸ್‌ನಾರ್ಡ್ ಊರಿನಲ್ಲಿ ಈ ಜನರಿಗೆಂದೇ ರೇಡಿಯೊ ಇಂಡಿಹೆನಾ ಅನ್ನುವ ಬಾನುಲಿ ಕೇಂದ್ರವಿದೆ. ಕೋವಿಡ್ ಕಾಲದಲ್ಲಿ ಕೂಲಿಯವರಿಗೆ ಅವರ ಮನೆಮಾತಿನಲ್ಲೇ ಸುದ್ದಿ ಮುಟ್ಟಿಸಿದ್ದು ಈ ಕೇಂದ್ರ. ಅಲ್ಲಿ ಮೈಕಿನ ಮುಂದೆ ಕೂರುವವರಲ್ಲಿ ಹೊಲದಲ್ಲಿ ದುಡಿದವರೂ ಇದ್ದಾರೆ.

ನಮಸ್ಕಾರ.