ಹೋರಿಯ ರೋಗಕ್ಕೆ ಇಲಿಯ ಸಾಕ್ಷ್ಯ

ಕೇಳುಗರಿಗೆ ನಮಸ್ಕಾರ.

ಹಸು ಬೆದೆಗೆ ಬಂತು, ಹೋರಿಗೆ ಬಿಟ್ಟದ್ದಾಯಿತು. 21 ದಿನಕ್ಕೆ ಮತ್ತೆ ಬೆದೆ ಕಾಣಲಿಲ್ಲ, ಗಬ್ಬ ನಿಂತಿತೆಂದು ಸಮಾಧಾನ. ಆದರೆ 35ನೆಯದೋ 40ನೆಯದೋ ದಿನ ಹಸು ಮತ್ತೆ ಬೆದೆಗೆ ಬರುತ್ತದೆ. ಜ್ವರವಿಲ್ಲ, ಮೇವು ಬಿಟ್ಟಿಲ್ಲ. ಒಳಗೆ ಮೂಡಿದ್ದ ಭ್ರೂಣ ಮಾತ್ರ ಸದ್ದಿಲ್ಲದೆ ಸತ್ತಿದೆ. ಕೆಲವು ಹಸುಗಳು ನಾಲ್ಕೈದು ತಿಂಗಳಿಗೆ ಕಂದು ಹಾಕುವುದೂ ಉಂಟು.

ಇದಕ್ಕಿರುವ ಕಾರಣಗಳಲ್ಲಿ ಒಂದು ಕ್ಯಾಂಪೈಲೋಬ್ಯಾಕ್ಟರ್ ಫೀಟಸ್ ಎಂಬ ಬಾಗಿದ ರೋಗಾಣು. ಅದರ ವೆನೆರಿಯಾಲಿಸ್ ಎಂಬ ಉಪಜಾತಿ ಹರಡುವುದು ಹೋರಿಯ ಕೂಡುವಿಕೆಯಿಂದ, ಇಲ್ಲವೇ ಸೋಂಕು ತಗುಲಿದ ವೀರ್ಯದಿಂದ. ಹೋರಿಯ ಮುಂದೊಗಲಿನ ಸಣ್ಣ ಸಣ್ಣ ಮಡಿಕೆಗಳೇ ಅದರ ಮನೆ. ವಯಸ್ಸಾದಂತೆ ಈ ಮಡಿಕೆಗಳು ಆಳವಾಗುತ್ತವೆ, ರೋಗಾಣು ಅಲ್ಲೇ ವರ್ಷಗಟ್ಟಲೆ ಉಳಿಯಬಲ್ಲದು. ಹೋರಿ ಮಾತ್ರ ಗಟ್ಟಿಮುಟ್ಟಾಗಿಯೇ ಇರುತ್ತದೆ.

ದನದ ಈ ರೋಗವನ್ನು ತಿಳಿಯಲು ಇಲಿ ಏಕೆ ಬೇಕು? ಹಸುವಿನ ಗಬ್ಬ ಸುಮಾರು 280 ದಿನ, ಬಿಳಿ ಇಲಿಯದು 20 ದಿನದ ಆಸುಪಾಸು. ಹಸುವಿನ ಬೆದೆಚಕ್ರ 21 ದಿನ, ಇಲಿಯದು ನಾಲ್ಕೈದು ದಿನ. ಒಂದು ಕಡಸಿನ ಮೇಲೆ ಒಂದು ಪ್ರಯೋಗ ಮುಗಿಯುವಷ್ಟರಲ್ಲಿ ಇಲಿಗಳಲ್ಲಿ ಹತ್ತಾರು ಮುಗಿಯುತ್ತವೆ. ಒಂದೇ ತಳಿಯ ಇಲಿಗಳು ಒಂದಕ್ಕೊಂದು ಅಚ್ಚು ಹೊಯ್ದಂತಿರುವುದರಿಂದ, ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಂಡರೆ ಅದನ್ನು ನಂಬಬಹುದು. ಹಾರ್ಮೋನು ಕೊಟ್ಟು ಅವನ್ನೆಲ್ಲ ಚಕ್ರದ ಒಂದೇ ಹಂತಕ್ಕೆ ತರಬಹುದು, ಯೋನಿಯ ಲೋಳೆ ತೆಗೆದು ರೋಗಾಣು ಎಷ್ಟು ದಿನ ಉಳಿಯಿತೆಂದು ಎಣಿಸಬಹುದು.

ಇಲಿ ಹೇಳಿಕೊಟ್ಟ ಒಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ಈ ರೋಗಾಣುವಿನ ಮೈಮೇಲೆ ಪ್ರೋಟೀನಿನ ಹೊದಿಕೆಯೊಂದಿದೆ. 1990ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹೊದಿಕೆಯಿದ್ದ ಫೀಟಸ್ ರೋಗಾಣುಗಳು ಇಲಿಯ ರಕ್ತಕ್ಕಿಳಿದು ಅದನ್ನು ಕೊಂದವು, ಹೊದಿಕೆ ಕಳೆದುಕೊಂಡವುಗಳಿಗೆ ಆ ಶಕ್ತಿ ಇರಲಿಲ್ಲ. ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ರಕ್ಷಕ ಪ್ರೋಟೀನುಗಳು ಹೊದಿಕೆಗೆ ಅಂಟಿಕೊಳ್ಳಲಾರವು. ಸಾಲದ್ದಕ್ಕೆ ರೋಗಾಣು ತನ್ನ ಜೀನುಗಳನ್ನು ತಿರುಗಿಸಿ ಹೊದಿಕೆಯ ಪ್ರೋಟೀನನ್ನೇ ಬದಲಿಸುತ್ತದೆ. ಹಸುವಿನ ಮೈ ಒಂದು ರೂಪವನ್ನು ಗುರುತು ಹಿಡಿಯುವಷ್ಟರಲ್ಲಿ ಇನ್ನೊಂದು ರೂಪ ಬಂದಿರುತ್ತದೆ. ಹಸು ಸೋಂಕನ್ನು ಕಳೆದುಕೊಳ್ಳಲು ತಿಂಗಳುಗಳೇ ಹಿಡಿಯುವುದರ ಹಿಂದೆ ಈ ವೇಷಬದಲಾವಣೆಯ ಕೈವಾಡವಿದೆ.

ಆದರೆ ಆ ಪ್ರಯೋಗ ರಕ್ತದ ಸೋಂಕಿನದು, ಗರ್ಭಕೋಶದ್ದಲ್ಲ. ಇಲಿಯ ಮಾಸು ಹಸುವಿನ ಮಾಸಿನಂತಿಲ್ಲ. ಇಲಿಯಲ್ಲಿ ತಾಯಿಯ ರಕ್ತ ಮಾಸನ್ನೇ ತೋಯಿಸುತ್ತದೆ, ಹಸುವಿನಲ್ಲಿ ನಡುವೆ ಹಲವು ಪದರಗಳಿವೆ. ಹಾಗಾಗಿ ಇಲಿಯ ಮರಿ ಸತ್ತ ಬಗೆಯನ್ನೇ ಕರುವಿನ ಮೇಲೆ ಹೇರಲಾಗದು.

ಅದಕ್ಕಿಂತ ದೊಡ್ಡ ಕೊರತೆ ಬೇರೆಯೇ ಇದೆ. ಹೋರಿಯ ಆಳದ ಮಡಿಕೆಗಳು ಇಲಿಗೆ ಇಲ್ಲ. ರೋಗ ಹಿಂಡಿನಲ್ಲಿ ಉಳಿಯುವುದೇ ಅಲ್ಲಿಂದ. ಗಂಡಿಲಿಯನ್ನು ನೋಡಿ ಹೋರಿಯ ಬಗ್ಗೆ ಮಾತಾಡುವುದನ್ನು ನಾನು ಒಪ್ಪಲಾರೆ. ಯಾವ ಲಸಿಕೆ ಪ್ರತಿಕಾಯ ಹುಟ್ಟಿಸುತ್ತದೆ, ಯಾವುದು ಸೋಂಕಿನ ದಿನಗಳನ್ನು ಕಡಿಮೆ ಮಾಡುತ್ತದೆ ಎಂದು ಜರಡಿ ಹಿಡಿಯಲು ಇಲಿ ಸಾಕು. ಅದರಿಂದ ಎಷ್ಟೋ ಕಡಸುಗಳು ನೋವಿನಿಂದ ಪಾರಾಗುತ್ತವೆ. ಆ ನೋವು ಇಲಿಯ ಪಾಲಿಗೆ ಬರುತ್ತದೆ ಎಂಬುದನ್ನೂ ಮರೆಯದೆ, ಪ್ರಶ್ನೆಗೆ ಬೇಕಾದಷ್ಟೇ ಇಲಿಗಳನ್ನು ಬಳಸಬೇಕು. ಜರಡಿಯಲ್ಲಿ ಉಳಿದ ಲಸಿಕೆ ಮೊದಲು ಕಡಸುಗಳಲ್ಲಿ, ಆಮೇಲೆ ವರ್ಷಗಳಿಂದ ರೋಗ ಹೊತ್ತು ತಿರುಗುತ್ತಿರುವ ಮುದಿ ಹೋರಿಯಲ್ಲಿ ಪರೀಕ್ಷೆಗೆ ನಿಲ್ಲಬೇಕು.

ನಮಸ್ಕಾರ.