ಡ್ರಾಯರಿನಲ್ಲಿ ಸೋಲುವ ಮೊಕದ್ದಮೆ: ಅಮೆರಿಕದಲ್ಲಿ ಸಾಲದ ದಾವೆ ಬಂದರೆ

(ಪರದೆಯ ಮೇಲೆ: ಅಡುಗೆಮನೆಯ ಮೇಜು. ಬಿಲ್ಲುಗಳ ರಾಶಿಯ ಮೇಲೆ ಪಿನ್ ಹೊಡೆದ ಏಳೆಂಟು ಹಾಳೆಗಳು.)

ನಮಸ್ಕಾರ. ಅಪರಿಚಿತರೊಬ್ಬರು ಬಾಗಿಲು ತಟ್ಟಿ, ನಿಮ್ಮ ಹೆಸರು ಕೇಳಿ, ಈ ಹಾಳೆಗಳನ್ನು ಕೈಗಿತ್ತು ಹೋಗಿದ್ದಾರೆ. ಮೇಲೆ ‘ಸಮನ್ಸ್’ ಎಂದಿದೆ. ವಾದಿಯ ಜಾಗದಲ್ಲಿರುವ ಕಂಪನಿಯ ಹೆಸರನ್ನು ನೀವು ಎಂದೂ ಕೇಳಿಲ್ಲ. ಕ್ರೆಡಿಟ್ ಕಾರ್ಡ್ ಕೊಟ್ಟದ್ದು ಬ್ಯಾಂಕು, ಇವರು ಯಾರು? ಏನೋ ಮೋಸವಿರಬೇಕು ಎಂದುಕೊಂಡು ಹಾಳೆಗಳನ್ನು ಡ್ರಾಯರಿಗೆ ತುರುಕುತ್ತೀರಿ. ಅಮೆರಿಕದಲ್ಲಿ ಸಾಲದ ಮೊಕದ್ದಮೆಗಳನ್ನು ಜನ ಸೋಲುವುದು ಹೆಚ್ಚಾಗಿ ಈ ಡ್ರಾಯರಿನಲ್ಲಿ.

ಅಮೆರಿಕದ ಸಂಶೋಧನಾ ಸಂಸ್ಥೆ ಪ್ಯೂ 2020ರಲ್ಲಿ ಕೊಟ್ಟ ವರದಿಯಂತೆ, ಅಂಕಿಅಂಶ ಸಿಕ್ಕ ಕಡೆಗಳಲ್ಲಿ ಇಂಥ ದಾವೆಗಳ ಶೇ. 70ಕ್ಕೂ ಹೆಚ್ಚು ಪಾಲು ಏಕಪಕ್ಷೀಯ ತೀರ್ಪಿನಲ್ಲಿ ಮುಗಿದಿದೆ. ಪ್ರತಿವಾದಿ ಉತ್ತರಿಸಲಿಲ್ಲ, ವಾದಿ ಕೇಳಿದ್ದು ಸಿಕ್ಕಿತು, ಅಷ್ಟೆ. ‘ಮೌನಂ ಸಮ್ಮತಿ ಲಕ್ಷಣಂ’ ಎಂದು ನಾವು ಮದುವೆ ಮಾತುಕತೆಯಲ್ಲಿ ಹೇಳುತ್ತೇವೆ. ಅಲ್ಲಿ ಅದರ ಮೇಲೆ ಸಂಬಳ ಜಪ್ತಿಯಾಗುತ್ತದೆ.

(ಪರದೆಯ ಮೇಲೆ: ಎಕ್ಸೆಲ್ ಹಾಳೆ. ಸಾವಿರಾರು ಸಾಲುಗಳ ನಡುವೆ ಒಂದೇ ಸಾಲಿಗೆ ಹಳದಿ ಬಣ್ಣ.)

ಆ ಅಪರಿಚಿತ ಕಂಪನಿಯ ವಿಷಯಕ್ಕೆ ಬರೋಣ. ಬ್ಯಾಂಕು ವಸೂಲಾಗದ ಸಾಲಗಳನ್ನು ಮೂಟೆ ಕಟ್ಟಿ ಮಾರುತ್ತದೆ. ದೊಡ್ಡ ಖರೀದಿದಾರರ ಲೆಕ್ಕ ತೆಗೆದ ಫೆಡರಲ್ ಟ್ರೇಡ್ ಕಮಿಷನ್ (ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ) 2013ರಲ್ಲಿ ಹೇಳಿದ್ದು ಇದು: ಅವರು ಕೊಟ್ಟ ಬೆಲೆ ಒಂದು ಡಾಲರ್ ಸಾಲಕ್ಕೆ ಸರಾಸರಿ 4 ಸೆಂಟ್. ಬೆಲೆ ಅಗ್ಗ, ಸರಕೂ ಹಾಗೆಯೇ. ಮೂಲ ಒಪ್ಪಂದ, ತಿಂಗಳ ಸ್ಟೇಟ್‌ಮೆಂಟುಗಳು ಜೊತೆಗೆ ಬರುವುದು ಅಪರೂಪ. ಬರುವುದು ಹೀಗೊಂದು ಸಾಲು: ಹೆಸರು, ವಿಳಾಸ, ಮೊತ್ತ, ಕೊನೆಯ ಪಾವತಿಯ ದಿನಾಂಕ. ಸಾಲ ಎರಡು ಮೂರು ಕೈ ದಾಟಿದ್ದರೆ ಆ ಸಾಲಿನಲ್ಲೂ ತಪ್ಪು ನುಸುಳಿರಬಹುದು.

ದಾವೆಗೆ ಲಗತ್ತಿಸಿದ ಮಾರಾಟ ಪತ್ರವನ್ನು ನಿಧಾನವಾಗಿ ಓದಿ. ‘ಪಟ್ಟಿ ಎ-ಯಲ್ಲಿರುವ ಖಾತೆಗಳನ್ನು ಮಾರಿದ್ದೇವೆ’ ಎಂದಿರುತ್ತದೆ. ಪಟ್ಟಿ ಎ ಎಲ್ಲಿ? ಎಷ್ಟೋ ಸಲ ಇರುವುದಿಲ್ಲ. ಇದ್ದರೂ ನಿಮ್ಮ ಖಾತೆ ಅದರಲ್ಲಿ ಕಾಣಬೇಕು. ಬ್ಯಾಂಕಿನಿಂದ ಇಂದಿನ ವಾದಿಯವರೆಗೆ ಸರಪಳಿಯ ಒಂದೊಂದು ಕೊಂಡಿಯನ್ನೂ ತೋರಿಸುವ ಹೊಣೆ ಅವರದು. ಆದರೆ ನೀವು ಪ್ರಶ್ನಿಸದಿದ್ದರೆ ಬಹುತೇಕ ಯಾರೂ ಪ್ರಶ್ನಿಸುವುದಿಲ್ಲ.

ಪ್ರಶ್ನಿಸುವ ದಾರಿಯೇ ಲಿಖಿತ ಉತ್ತರ. ಗಡುವು ಸಮನ್ಸಿನಲ್ಲಿಯೇ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ 30 ದಿನ, ನ್ಯೂಯಾರ್ಕಿನಲ್ಲಿ ಕೈಗೇ ಕೊಟ್ಟಿದ್ದರೆ 20 ದಿನ. ವಾದಪತ್ರದ ಒಂದೊಂದು ಪರಿಚ್ಛೇದಕ್ಕೂ ಒಪ್ಪುತ್ತೇನೆ, ನಿರಾಕರಿಸುತ್ತೇನೆ, ಅಥವಾ ಈ ಬಗ್ಗೆ ನನಗೆ ಸಾಕಷ್ಟು ಮಾಹಿತಿಯಿಲ್ಲ ಎಂದು ಬರೆಯಬೇಕು. ವಿಳಾಸ ಸರಿಯಿದ್ದರೆ ಒಪ್ಪಿ. ‘ಖಾತೆಯನ್ನು ವಾದಿಗೆ ಕ್ರಮಬದ್ಧವಾಗಿ ವರ್ಗಾಯಿಸಲಾಗಿದೆ’ ಎಂಬುದು ನಿಮಗೆ ಹೇಗೆ ಗೊತ್ತಿರಬೇಕು? ಅಲ್ಲಿ ಮೂರನೆಯ ಮಾತು ಬರೆಯಿರಿ. ಸುಳ್ಳು ಮಾತ್ರ ಬೇಡ, ಅದರ ಅಗತ್ಯವೂ ಇಲ್ಲ.

ಕಾಲಮಿತಿಯ ತಕರಾರನ್ನೂ, ಅಂದರೆ ಈ ಸಾಲಕ್ಕೆ ದಾವೆ ಹೂಡುವ ಅವಧಿ ಮುಗಿದಿದೆ ಎಂಬುದನ್ನೂ, ಈ ಉತ್ತರದಲ್ಲಿಯೇ ಎತ್ತಬೇಕು. ಹೆಚ್ಚಿನ ರಾಜ್ಯಗಳಲ್ಲಿ ಅವಧಿ 3ರಿಂದ 6 ವರ್ಷ. ನ್ಯೂಯಾರ್ಕ್ ತನ್ನ ಗ್ರಾಹಕ ಸಾಲಗಳ ಅವಧಿಯನ್ನು 2022ರ ಏಪ್ರಿಲ್‌ನಿಂದ 3 ವರ್ಷಕ್ಕೆ ಇಳಿಸಿದೆ. ಅವಧಿ ಮೀರಿದ ಸಾಲಕ್ಕೆ ವಸೂಲಿ ಕಂಪನಿ ದಾವೆ ಹೂಡುವುದು 2021ರ ನವೆಂಬರ್ 30ರಂದು ಜಾರಿಯಾದ ಫೆಡರಲ್ ನಿಯಮಕ್ಕೆ ವಿರುದ್ಧ. ಆದರೂ ಹೂಡಿದ್ದರೆ, ನೀವು ಹೇಳದೆ ನ್ಯಾಯಾಧೀಶರು ತಾವಾಗಿ ವರ್ಷ ಎಣಿಸುತ್ತಾರೆಂದು ನಂಬಿ ಕೂರಬೇಡಿ.

(ಪರದೆಯ ಮೇಲೆ: ಮೊಬೈಲ್ ರಿಂಗಾಗುತ್ತಿದೆ.)

ಜಾಣರೂ ಬೀಳುವ ಹೊಂಡಗಳು ಎರಡಿವೆ. ‘ಸದ್ಯಕ್ಕೆ 20 ಡಾಲರ್ ಕಟ್ಟಿ’ ಎಂದು ಫೋನಿನಲ್ಲಿ ಮೃದುವಾಗಿ ಹೇಳುತ್ತಾರೆ. ಹಲವು ರಾಜ್ಯಗಳಲ್ಲಿ ಆ 20 ಡಾಲರ್ ಕಾಲಮಿತಿಯ ಗಡಿಯಾರವನ್ನು ಮತ್ತೆ ಮೊದಲಿನಿಂದ ತಿರುಗಿಸುತ್ತದೆ. ಇನ್ನೊಂದು, 1977ರ ಸಾಲ ವಸೂಲಿ ಕಾಯ್ದೆಯ ಪ್ರಕಾರ 30 ದಿನದೊಳಗೆ ‘ಸಾಲ ದೃಢಪಡಿಸಿ’ ಎಂದು ಕಂಪನಿಗೆ ಪತ್ರ ಬರೆಯುವ ಹಕ್ಕು. ಒಳ್ಳೆಯ ಹಕ್ಕೇ. ಆದರೆ ಪತ್ರ ಹೋಗುವುದು ಕಂಪನಿಗೆ, ನ್ಯಾಯಾಲಯಕ್ಕಲ್ಲ. ಅದರಿಂದ ಸಮನ್ಸಿನ ಗಡುವು ಒಂದು ದಿನವೂ ಮುಂದೆ ಹೋಗುವುದಿಲ್ಲ.

ಸಾಲ ನಿಜಕ್ಕೂ ನಿಮ್ಮದೇ, ಕಾಗದಪತ್ರವೂ ಸರಿಯಿದೆ ಎನ್ನಿ. ಆಗಲೂ ಉತ್ತರ ಕೊಡಿ ಎನ್ನುತ್ತೇನೆ. ನಾಲ್ಕು ಸೆಂಟಿಗೆ ಕೊಂಡವರು ಸಾಕ್ಷಿ ಕರೆತಂದು ವಿಚಾರಣೆ ನಡೆಸುವ ಬದಲು ಕಡಿಮೆ ಮೊತ್ತಕ್ಕೆ ರಾಜಿಯಾಗುವ ಸಾಧ್ಯತೆಯಿದೆ. ತೀರ್ಪು ಆಗಲೇ ಬಂದಿದ್ದರೆ, ಸಮನ್ಸ್ ನಿಮಗೆ ತಲುಪಿರಲೇ ಇಲ್ಲ ಎಂಬಂಥ ಕಾರಣ ತೋರಿಸಿ ಅದನ್ನು ರದ್ದುಪಡಿಸಲು ಅರ್ಜಿ ಹಾಕಬಹುದು. ಇಂಥ ಸಾಲಕ್ಕೆ ಕೈಗೆ ಬರುವ ಸಂಬಳದ ಶೇ. 25ಕ್ಕಿಂತ ಹೆಚ್ಚು ಜಪ್ತಿ ಮಾಡಲು ಫೆಡರಲ್ ಕಾನೂನು ಬಿಡುವುದಿಲ್ಲ. ಟೆಕ್ಸಾಸಿನಂಥ ಕೆಲವು ರಾಜ್ಯಗಳಲ್ಲಿ ಸಂಬಳ ಮುಟ್ಟುವಂತೆಯೇ ಇಲ್ಲ.

(ಪರದೆಯ ಮೇಲೆ: ನ್ಯಾಯಾಲಯದ ಕಾರಿಡಾರ್, ಮರದ ಬೆಂಚು.)

ವಿಚಾರಣೆಯ ದಿನ ಕಾರಿಡಾರಿನಲ್ಲಿ ಸೂಟು ಧರಿಸಿದವರೊಬ್ಬರು ಕೈಯಲ್ಲಿ ಕಡತ ಹಿಡಿದು ನಿಮ್ಮ ಹೆಸರು ಕೂಗಬಹುದು. ನ್ಯಾಯಾಲಯದ ಸಿಬ್ಬಂದಿ ಎಂದುಕೊಳ್ಳುತ್ತೀರಿ. ಹೆಚ್ಚಾಗಿ ಅವರು ವಾದಿಯ ವಕೀಲರು. ಒಂದು ಹಾಳೆ ಮುಂದಿಟ್ಟು, ಇಲ್ಲಿ ಸಹಿ ಮಾಡಿದರೆ ಮನೆಗೆ ಹೋಗಬಹುದು ಎನ್ನುತ್ತಾರೆ. ‘ನಾನು ನ್ಯಾಯಾಧೀಶರ ಮುಂದೆ ಹೋಗುತ್ತೇನೆ’ ಎಂದು ಹೇಳಿ, ಬೆಂಚಿನ ಮೇಲೆ ಕುಳಿತು ನಿಮ್ಮ ಸರದಿಗೆ ಕಾಯಿರಿ.